ಹಿಂದಿನ ದನಿ

ಇಂಗ್ಲಿಷ್ ವಿಭಾಗದ ಕೋಣೆಯಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲೆ ಒಂದು ಟೇಪ್ ರೆಕಾರ್ಡರ್ ಇತ್ತು. ಉಚ್ಚಾರಣೆ ಕಲಿಸಲಿಕ್ಕೆ ಅಂತ ಕಾಲೇಜಿನವರು ತರಿಸಿದ್ದು. ನಾನು ಬಿ.ಎ. ಓದಿದ್ದು 1990ರಿಂದ 1993ರವರೆಗೆ. ಆ ಮೂರು ವರ್ಷದಲ್ಲಿ ಅದರಲ್ಲಿ ಉಚ್ಚಾರಣೆ ಕೇಳಿದ್ದು ಕಡಿಮೆ, ಹಾಡು ಕೇಳಿದ್ದೇ ಜಾಸ್ತಿ. ಅದಕ್ಕೆ ಕಾರಣ ನಮ್ಮ ಮೇಡಂ. ಅವರು ಧಾರವಾಡದವರು. ಅಲ್ಲಿನ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿ, ಮದುವೆಯಾಗಿ ಬೆಂಗಳೂರಿಗೆ ಬಂದಿದ್ದರು. ಊರು ಬದಲಾಗಿತ್ತು, ಮಾತು ಬದಲಾಗಿರಲಿಲ್ಲ.

ಹಳೆಯ ವಿದ್ಯಾರ್ಥಿಯಾಗಿ ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಟೇಪ್ ರೆಕಾರ್ಡರ್, ಮತ್ತು ಅದರಿಂದ ಬರುತ್ತಿದ್ದ ಎರಡು ದನಿಗಳು. ಒಂದು ಹಿಂದುಸ್ತಾನಿ ಗಾಯಕ ಪಂಡಿತ ಮಲ್ಲಿಕಾರ್ಜುನ ಮನ್ಸೂರರದು. ಇನ್ನೊಂದು ಅವರ ಮಗ ರಾಜಶೇಖರ ಮನ್ಸೂರರದು.

ಮೊದಲ ಸಲ ಕೇಳಿದ್ದು ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ. ರೇಡಿಯೋದಲ್ಲಿ ಬಂದದ್ದನ್ನು ಮೇಡಂ ಮನೆಯಲ್ಲೇ ತುಂಬಿಸಿಕೊಂಡಿದ್ದ ಕ್ಯಾಸೆಟ್. ನಾವು ನಾಲ್ಕೈದು ಜನ ಡಬ್ಬಿ ಬಿಚ್ಚಿ ಕೂತಿದ್ದೆವು. ನಮ್ಮಲ್ಲಿ ಒಬ್ಬಳು ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತವಳು. ಎರಡು ನಿಮಿಷ ಕೇಳಿ, "ಮೇಡಂ, ಇದು ಹಿಂದೋಳ ರಾಗ ಅಲ್ವಾ?" ಅಂದಳು. ಮೇಡಂ ನಕ್ಕು, "ತಡಿ ತಂಗಿ, ಇನ್ನಾ ಸ್ವಲ್ಪ ಕೇಳು" ಅಂದರು. ಸ್ವಲ್ಪ ಹೊತ್ತಿಗೆ ಅವಳ ಕೈಯ ತುತ್ತು ಅಲ್ಲೇ ನಿಂತಿತು. ಹಿಂದೋಳದಲ್ಲಿ ಬರಬಾರದ ಪಂಚಮ ಸ್ವರ ಬಂದಿತ್ತು. ಆಮೇಲೆ ರಿಷಭವೂ ಬಂತು. ನಮ್ಮ ಹಿಂದೋಳಕ್ಕೆ ಹಿಂದುಸ್ತಾನಿಯಲ್ಲಿ ಮಾಲಕಂಸ ಅನ್ನುತ್ತಾರೆ, ಅದರಲ್ಲೂ ಐದೇ ಸ್ವರ. ಇದು ಸಂಪೂರ್ಣ ಮಾಲಕಂಸ. ಏಳೂ ಸ್ವರ ಇರುವ, ಜೈಪುರ ಘರಾಣೆಯವರು, ಅಂದರೆ ಆ ಗಾಯನ ಪರಂಪರೆಯವರು, ಜತನದಿಂದ ಉಳಿಸಿಕೊಂಡು ಬಂದ ರಾಗ. ಮನ್ಸೂರರ ಬತ್ತಳಿಕೆಯಲ್ಲಿ ಇಂಥ ಅಪರೂಪದ ರಾಗಗಳು ಬೇಕಾದಷ್ಟಿದ್ದವು.

ನಾವೆಲ್ಲ ಆ ಪಂಚಮದ ಬೆರಗಿನಲ್ಲಿದ್ದಾಗ ಮೇಡಂ ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿದರು. "ಈಗ ಬುವಾ ಅವರನ್ನ ಬಿಡ್ರಿ. ಹಿಂದ ಇನ್ನೊಂದು ದನಿ ಐತಿ ನೋಡ್ರಿ, ಅದನ್ನ ಕೇಳ್ರಿ. ಅವರು ನಮ್ಮ ಸರ್." ಬುವಾ ಅಂದರೆ ಮಲ್ಲಿಕಾರ್ಜುನರು, ಗವಾಯಿಗಳನ್ನು ಗೌರವದಿಂದ ಕರೆಯುವ ಮಾತು.

ಆಗ ಗೊತ್ತಾಯಿತು. ರಾಜಶೇಖರ ಮನ್ಸೂರರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರು. ಹಗಲು ತರಗತಿ, ಸಂಜೆ ತಂಬೂರಿ. ಅಪ್ಪ ಕಛೇರಿಗೆ ಕೂತರೆ ಹಿಂದೆ ಕೂತು ಸಾಥ್ ಕೊಡುವವರು ಇವರೇ.

ಸಾಥ್ ಅಂದರೆ ಏನು ಅಂತ ಮೇಡಂ ಬಾಯಿಮಾತಲ್ಲಿ ಹೇಳಲಿಲ್ಲ, ಎಣಿಸಿ ತೋರಿಸಿದರು. ಮೇಜಿನ ಮೇಲೆ ಬೆರಳಿನಿಂದ ತೀನ್‌ತಾಲ ಎಂಬ ತಾಳದ ಹದಿನಾರು ಮಾತ್ರೆ, ಅಂದರೆ ಎಣಿಕೆ, ತಟ್ಟುತ್ತಾ ಹೋದರು. ಮಲ್ಲಿಕಾರ್ಜುನರದು ಉಸಿರು ಬಿಡದೆ ಒಂದಕ್ಕೊಂದು ಹೆಣೆಯುತ್ತಾ ಹೋಗುವ ಗಾಯನ. ಆಲಾಪಕ್ಕೆ ಅಂತ ಬೇರೆಯಾಗಿ ಹೊತ್ತು ತೆಗೆದುಕೊಳ್ಳುವುದೇ ಕಡಿಮೆ. ಚೀಜು, ಅಂದರೆ ಹಾಡಿನ ರಚನೆ, ಶುರುವಾಯಿತು ಅಂದರೆ ತಾಳದ ಮೊದಲ ಮಾತ್ರೆಯಾದ ಸಮ್‌ನಿಂದ ಮುಂದಿನ ಸಮ್‌ಗೆ ಒಂದೇ ಓಟ. ಎಲ್ಲೋ ಒಂದು ಕಡೆ ಅವರೂ ಉಸಿರು ತೆಗೆದುಕೊಳ್ಳಲೇಬೇಕಲ್ಲ? ಆ ಜಾಗದಲ್ಲಿ ಹಿಂದಿನ ದನಿ ಮುಂದೆ ಬರುತ್ತದೆ. ಅಪ್ಪ ಬಿಟ್ಟ ಸ್ವರವನ್ನೇ ಹಿಡಿಯುತ್ತದೆ. ಹೊಸದೇನನ್ನೂ ಸೇರಿಸುವುದಿಲ್ಲ, ರಾಗವನ್ನು ಕೆಳಗೆ ಬೀಳಲೂ ಬಿಡುವುದಿಲ್ಲ. ಅಪ್ಪ ಮತ್ತೆ ಶುರು ಮಾಡಿದ ಕ್ಷಣ ಸರಿದು ಜಾಗ ಬಿಡುತ್ತದೆ. "ಎಷ್ಟು ಮಾತ್ರೆ ಆತು?" ಅಂತ ಮೇಡಂ ಕೇಳಿದರು. ನಾಲ್ಕು. ಆ ಕ್ಯಾಸೆಟ್‌ನಲ್ಲಿ ಮಗನ ದನಿ ಒಂಟಿಯಾಗಿ ಕೇಳುವುದು ಒಂದು ಕಡೆ, ನಾಲ್ಕೇ ಮಾತ್ರೆ.

ಅಪ್ಪ ಮುಂದೆ ಎಲ್ಲಿಗೆ ಹೋಗುತ್ತಾರೆ ಅನ್ನುವುದು ಪೂರ್ತಿ ಗೊತ್ತಿರಬೇಕು. ಗೊತ್ತಿದ್ದೂ ಅವರಿಗಿಂತ ಮೊದಲು ಹೋಗಬಾರದು. ಇದು ಸುಮ್ನೆ ಬರುವ ವಿದ್ಯೆ ಅಲ್ಲ.

ನಮ್ಮ ಅಪ್ಪನದು ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿ. ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ನಾನು ಅಪ್ಪನ ಹಿಂದೆ ನಿಲ್ಲಬೇಕಿತ್ತು. ಅಪ್ಪ ಗಾದಿಯ ಮೇಲೆ ಕೂತು ಮಾತಾಡುತ್ತಿದ್ದರು. ನಾನು ಕಪಾಟಿನಿಂದ ಸೀರೆ ತೆಗೆದು ಕೊಡುತ್ತಿದ್ದೆ. ಗಿರಾಕಿಯ ಮುಖ ನೋಡಿಯೇ ಅಪ್ಪ ಈಗ ಮೊಳಕಾಲ್ಮೂರು ಕೇಳುತ್ತಾರೋ ಇಳಕಲ್ ಕೇಳುತ್ತಾರೋ ಅಂತ ನನಗೆ ತಿಳಿದುಬಿಡುತ್ತಿತ್ತು. ಆದರೂ ಆ ಕೆಲಸದ ಮೇಲೆ ನನಗೆ ಸಿಟ್ಟಿತ್ತು. ಯಾರೂ ನನ್ನ ಹೆಸರು ಕೇಳುತ್ತಿರಲಿಲ್ಲ. ಆ ಮಧ್ಯಾಹ್ನ ಕ್ಯಾಸೆಟ್ ಕೇಳಿದ ಮೇಲೆ ಬಂದ ಭಾನುವಾರ, ಅಪ್ಪ ಕೈ ಚಾಚುವ ಮೊದಲೇ ಸೀರೆ ಅವರ ಕೈಗಿಟ್ಟೆ. ಅಪ್ಪ ತಿರುಗಿ ನನ್ನ ಮುಖ ನೋಡಿದರು. ಅಷ್ಟೇ. ನನಗೆ ಇವತ್ತಿಗೂ ಆ ನೋಟ ನೆನಪಿದೆ.

1992ರ ಸೆಪ್ಟೆಂಬರ್ 12, ಶನಿವಾರ, ಮಲ್ಲಿಕಾರ್ಜುನ ಮನ್ಸೂರರು ತೀರಿಕೊಂಡರು. ಅದೇ ವರ್ಷ ಅವರಿಗೆ ಪದ್ಮವಿಭೂಷಣ ಬಂದಿತ್ತು. ಸೋಮವಾರ ಮೇಡಂ ತರಗತಿಗೆ ಬಂದರು, ಪುಸ್ತಕ ತೆರೆಯಲಿಲ್ಲ. ಧಾರವಾಡದ ಹತ್ತಿರದ ಮನ್ಸೂರು ಎಂಬ ಹಳ್ಳಿಯಲ್ಲಿ 1910ರಲ್ಲಿ ಹುಟ್ಟಿದ ಹುಡುಗ, ನಾಟಕ ಕಂಪನಿಯಲ್ಲಿ ಹಾಡುತ್ತಿದ್ದಾಗ ಗಾಯಕ ನೀಲಕಂಠಬುವಾ ಅವರ ಕಿವಿಗೆ ಬಿದ್ದು, ಅವರಲ್ಲಿ ಕಲಿಯಲು ಮಿರಜಿಗೆ ಹೋದದ್ದು, ಆಮೇಲೆ ಮಂಜೀಖಾನರ ಶಿಷ್ಯನಾದದ್ದು, ಎಲ್ಲ ಹೇಳಿದರು. ಮಂಜೀಖಾನರು 1937ರಲ್ಲಿ ತೀರಿಕೊಂಡಾಗ ಕಲಿಕೆ ಅರ್ಧಕ್ಕೆ ನಿಂತಿತು. ಅದನ್ನು ಮುಂದುವರಿಸಿದವರು ಅವರ ತಮ್ಮ ಭೂರ್ಜೀಖಾನರು. ಇಬ್ಬರೂ ಜೈಪುರ-ಅತ್ರೌಲಿ ಘರಾಣೆ ಕಟ್ಟಿದ ಅಲ್ಲಾದಿಯಾಖಾನರ ಮಕ್ಕಳು. ಅಂದರೆ ಮಲ್ಲಿಕಾರ್ಜುನರು ಕಲಿತದ್ದೂ ದೊಡ್ಡ ಗವಾಯಿಯೊಬ್ಬರ ಮಕ್ಕಳಿಂದಲೇ. ಇದನ್ನು ಹೇಳುವಾಗ ಮೇಡಂ ದನಿ ಒಡೆಯಿತು. "ನಮ್ಮ ಸರ್ ಇನ್ನ ಮುಂದ ಯಾರ ಹಿಂದ ಹಾಡಬೇಕು?" ಅಂದರು. ಯಾರಿಗೂ ಉತ್ತರ ಗೊತ್ತಿರಲಿಲ್ಲ.

ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ. ರಾಜಶೇಖರರು ಒಬ್ಬರೇ ಕೂತು ಹಾಡಿದರು. ಅಪ್ಪನಿಂದ ಬಂದ ಅಪರೂಪದ ರಾಗಗಳನ್ನು ಹಾಡಿದರು, ಕಲಿಸಿದರು. 2012ನೇ ಸಾಲಿನ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಅವರಿಗೆ ಬಂತು. ಆಗ ಅವರಿಗೆ ಎಪ್ಪತ್ತು. ತಡವಾಯಿತು ಅಂತಲೇ ನನ್ನ ಅನಿಸಿಕೆ.

ಆದರೆ ಅವರು ಮಾಡಿದ ಇನ್ನೊಂದು ಕೆಲಸ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮಲ್ಲಿಕಾರ್ಜುನರು ಕನ್ನಡದಲ್ಲಿ 'ನನ್ನ ರಸಯಾತ್ರೆ' ಅಂತ ಆತ್ಮಕಥೆ ಬರೆದಿದ್ದರು. ಅದನ್ನು ಇಂಗ್ಲಿಷಿಗೆ ತಂದವರು ಈ ಇಂಗ್ಲಿಷ್ ಮೇಷ್ಟ್ರು ಮಗನೇ. ಅದರಲ್ಲಿ 'ನಾನು' ಅಂತ ಬರುವಲ್ಲೆಲ್ಲ ಅದು ಅಪ್ಪ. ಮಗ ಒಂದೊಂದು ವಾಕ್ಯಕ್ಕೂ ಅಪ್ಪನ ಬಾಯಾಗಬೇಕು, ತನ್ನ ಮಾತು ಎಲ್ಲೂ ಸೇರಬಾರದು. ಓದುತ್ತಾ ನನಗೆ ಆ ಕ್ಯಾಸೆಟ್ಟೇ ಕೇಳುತ್ತಿತ್ತು. ಉಸಿರು ನಿಂತಿದೆ, ಹಿಂದಿನ ದನಿ ಸ್ವರ ಹಿಡಿದಿದೆ.

ರಾಜಶೇಖರ ಮನ್ಸೂರರು 2022ರ ಮೇ 1ರಂದು, ಭಾನುವಾರ, ನಮ್ಮ ಬೆಂಗಳೂರಿನಲ್ಲೇ ತೀರಿಕೊಂಡರು. ಎಪ್ಪತ್ತೊಂಬತ್ತು ವರ್ಷ. ಅವರನ್ನು ಒಮ್ಮೆಯೂ ಎದುರು ಕೂತು ಕೇಳಲಿಲ್ಲ ನಾನು. ಅಂಗಡಿ, ಲೆಕ್ಕ, ಮಕ್ಕಳ ಫೀಸು ಅಂತ ವರ್ಷಗಳು ಕಳೆದವು. ಆ ಸಂಕಟ ಇದೆ.

ಅವತ್ತು ಸಂಜೆ ಮೇಡಂಗೆ ಫೋನ್ ಮಾಡಿದೆ. ನಿವೃತ್ತಿಯಾದ ಮೇಲೆ ಅವರು ಧಾರವಾಡಕ್ಕೆ ವಾಪಸ್ ಹೋಗಿದ್ದಾರೆ. ಸುದ್ದಿ ಗೊತ್ತಾಗಿತ್ತು. ಇಬ್ಬರಿಗೂ ಹೆಚ್ಚು ಮಾತು ಬರಲಿಲ್ಲ. "ಅದು ಇನ್ನೂ ಐತಿ ನೋಡು ನನ್ನ ಹತ್ರ, ತಡಿ" ಅಂದರು. ಏನೋ ಎಳೆದ ಸದ್ದು, ಗುಂಡಿ ಒತ್ತಿದ ಸದ್ದು. ಟೇಪು ಸವೆದಿತ್ತು, ಫೋನಿನಲ್ಲಿ ತಂಬೂರಿ ಕೇಳಿಸಲೇ ಇಲ್ಲ. ಆದರೂ ಆ ಜಾಗ ಬರುವುದು ಇಬ್ಬರಿಗೂ ಗೊತ್ತಿತ್ತು. ಮಲ್ಲಿಕಾರ್ಜುನರ ದನಿ ನಿಂತಿತು. ಮಗ ಹಿಡಿದರು. ಆ ಕಡೆಯಿಂದ ಮೇಡಂ ಮೆಲ್ಲಗೆ ಎಣಿಸುವುದು ಕೇಳುತ್ತಿತ್ತು. ಒಂದು, ಎರಡು, ಮೂರು, ನಾಲ್ಕು.