ಪ್ರಿಯಸ್ ವೀಲ್ ಕಪ್: ಟಕ್ ಟಕ್ ಸದ್ದು ಕೊನೆಗೂ ಸಿಕ್ಕಿತು

ನಿಂತಿತು! ನನ್ನ ಪ್ರಿಯಸ್ ಕಾರಿನ ಚಕ್ರದಿಂದ ಬರುತ್ತಾ ಮೂರು ವಾರದಿಂದ ತಲೆ ತಿಂದಿದ್ದ ಟಕ್ ಟಕ್ ಸದ್ದು ಇವತ್ತು ಬೆಳಿಗ್ಗೆ ಆರೂವರೆಗೆ ಲಲಿತಮಹಲ್ ರಸ್ತೆಯಲ್ಲಿ ನಿಂತಿತು. ಅದೇ ಖುಷಿಗೆ ನಜರ್‌ಬಾದಿನಲ್ಲಿ ಬೆಣ್ಣೆ ದೋಸೆ ತಿಂದು ಮನೆಗೆ ಬಂದೆ.

ಚಕ್ರದ ಮುಖ ಮುಚ್ಚುವ ಹೊಸ ಕಪ್ ಉಜ್ಜಿದ್ದು, ಪ್ರೈಮರ್ ಹೊಡೆದಿದ್ದು, ಸಿಲ್ವರ್ ಮೇಲೆ ಕ್ಲಿಯರ್ ಕೋಟ್ ಕೊಟ್ಟಿದ್ದು ಎಲ್ಲ ನಿಮಗೆ ಗೊತ್ತಿರುವ ಕೆಲಸವೇ. ಅದನ್ನು ಬಿಟ್ಟು ಸೀದಾ ಸದ್ದಿಗೆ ಬರುತ್ತೇನೆ.

ಗಾಡಿ ಟೊಯೋಟಾದ ಮೂರನೇ ತಲೆಮಾರಿನ ಪ್ರಿಯಸ್, 2010ರದ್ದು, ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್. 15 ಇಂಚಿನ ಅಲಾಯ್ ಚಕ್ರ, ಅದರ ಮೇಲೆ ಪ್ಲಾಸ್ಟಿಕ್ ಕಪ್. ಎಡಗಡೆ ಮುಂದಿನ ಕಪ್ ಹುಣಸೂರು ರಸ್ತೆಯಲ್ಲಿ ಎಲ್ಲೋ ಬಿದ್ದುಹೋಗಿತ್ತು. ಹೊಸದು ಹುಡುಕುತ್ತಿದ್ದೇನೆ ಎಂದಾಗ ಪಂಚರ್ ಅಂಗಡಿಯವರು, "ಅಲಾಯ್ ಚೆನ್ನಾಗೇ ಇದೆಯಲ್ಲ ಸಾರ್, ಉಳಿದ ಮೂರನ್ನೂ ಕಿತ್ತಾಕಿ" ಎಂದರು. ಸುಮಾರು ಜನ ಹಾಗೇ ಹೇಳುತ್ತಾರೆ. ನನಗೆ ಮನಸ್ಸು ಒಪ್ಪಲ್ಲ. ಈ ಕಾರಿನ ಡ್ರ್ಯಾಗ್ ಅಂಕಿ, ಅಂದರೆ ಗಾಳಿ ಎಷ್ಟು ತಡೆಯುತ್ತದೆ ಎನ್ನುವ ಅಳತೆ, ಬರೀ 0.25. ಅದನ್ನು ಅಲ್ಲಿಗೆ ತರಲು ಮೈಯೆಲ್ಲ ತೀಡಿದವರು ಚಕ್ರವನ್ನು ಮಾತ್ರ ಬಿಡುತ್ತಾರಾ? ತೆರೆದ ಕಡ್ಡಿಗಳು ಗಾಳಿಯನ್ನು ಕಡೆಯುತ್ತವೆ, ಚಪ್ಪಟೆ ಕಪ್ ಅದನ್ನು ಜಾರಿಸಿ ಬಿಡುತ್ತದೆ. ಅದೇ ಚಪ್ಪಟೆ ಮುಖವನ್ನು ಅಲಾಯ್‌ನಲ್ಲೇ ಮಾಡಿದರೆ ಚಕ್ರದ ತೂಕ ಜಾಸ್ತಿ ಆಗುತ್ತದೆ. ಹೀಗೆ ಮುಚ್ಚಿದರೆ ಬ್ರೇಕ್ ಕಾಯುವುದಿಲ್ಲವಾ ಎಂದು ಕೇಳುತ್ತಾರೆ. ಹೈಬ್ರಿಡ್‌ನಲ್ಲಿ ವೇಗ ತಗ್ಗಿಸುವ ಕೆಲಸದಲ್ಲಿ ದೊಡ್ಡ ಪಾಲು ಮೋಟಾರಿನದು. ಅದೇ ಜನರೇಟರ್ ಆಗಿ ಬ್ಯಾಟರಿ ತುಂಬುತ್ತದೆ, ಡಿಸ್ಕ್ ಅಷ್ಟು ಬಿಸಿಯಾಗಲ್ಲ.

ಹಾಗಾಗಿ ಬೆಂಗಳೂರಿನ ಒಂದು ಅಂಗಡಿಗೆ ಫೋನ್ ಮಾಡಿದೆ. "ಒರಿಜಿನಲ್ಲೇ ಸಾರ್, ಗಾಡಿಯಿಂದ ಬಿಚ್ಚಿದ್ದು" ಎಂದರು. 1,200 ರೂಪಾಯಿ ಕಳಿಸಿದೆ. ಪಾರ್ಸೆಲ್ ಬಿಚ್ಚಿದರೆ ಅಪ್ಪಟ ಡೂಪ್ಲಿಕೇಟ್. ತೂಕ ಕಮ್ಮಿ, ಕ್ಲಿಪ್ ತೆಳು, ಹಿಂದೆ ಸಡಿಲವಾದ ತಂತಿ ರಿಂಗ್, ನಡುವಿನ ಬಿಲ್ಲೆ ಬೇರೆಯೇ ತುಂಡು. ವಾಪಸ್ ಕೇಳಿದರೆ ಫೋನೇ ಎತ್ತಲಿಲ್ಲ. ಡೂಪ್ಲಿಕೇಟ್ ಮಾರಲಿ, ಬೇಡ ಅನ್ನಲ್ಲ. ಡೂಪ್ಲಿಕೇಟ್ ಅಂತ ಹೇಳಿ ಮಾರಲಿ.

ಹಾಕಿದ ದಿನವೇ ಸದ್ದು ಶುರುವಾಯಿತು. ಮಾಮೂಲಿ ಪೆಟ್ರೋಲ್ ಗಾಡಿಯಾಗಿದ್ದರೆ ಎಂಜಿನ್ ಗದ್ದಲದಲ್ಲಿ ಮುಚ್ಚಿಹೋಗುತ್ತಿತ್ತು. ಪ್ರಿಯಸ್ ಬರೀ ಬ್ಯಾಟರಿಯಲ್ಲಿ ನಮ್ಮ ಬೀದಿಗೆ ನುಸುಳುವಾಗ ತರಗೆಲೆ ತುಳಿದದ್ದೂ ಕೇಳಿಸುತ್ತದೆ. ಅಂಥಲ್ಲಿ ಟಕ್, ಟಕ್, ಟಕ್.

ಮೊದಲು ಬೇರಿಂಗ್ ಎಂದು ಹೆದರಿದೆ. ಕಪ್ ಬಿಚ್ಚಿ ಬಲಗಡೆ ಹಾಕಿದೆ, ಸದ್ದೂ ಬಲಗಡೆಗೆ ಹೋಯಿತು. ಸರಿ, ಕಳ್ಳ ಕಪ್ಪಲ್ಲೇ ಇದ್ದಾನೆ. ಕ್ಲಿಪ್ ಅಲುಗಾಡುತ್ತಿದೆ ಅಂದುಕೊಂಡು ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಒಂದೊಂದು ಕ್ಲಿಪ್ಪಿಗೂ ಅಂಟಿಸಿದೆ. ನಿಲ್ಲಲಿಲ್ಲ. ಅಲಾಯ್ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿತ್ತು, ಕ್ಲಿಪ್ ಸರಿಯಾಗಿ ಕೂರುತ್ತಿಲ್ಲವೇನೋ ಎಂದು ಅದನ್ನೆಲ್ಲ ಕೆರೆದು ತೆಗೆದೆ. ನಿಲ್ಲಲಿಲ್ಲ. ಕೇಬಲ್ ಟೈ ಹಾಕಿ ಕಡ್ಡಿಗೇ ಬಿಗಿದೆ. ಆಗಲೂ ಟಕ್ ಟಕ್. ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸಿದರೆ ತಂತಿ ರಿಂಗ್‌ನ ಗಲಗಲದಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ.

ಸುಳಿವು ಕೊಟ್ಟವನು ಪಕ್ಕದ ಮನೆಯ ಹುಡುಗ. ಭಾನುವಾರ ಸೈಕಲ್‌ನಲ್ಲಿ ನನ್ನ ಚಕ್ರದ ಪಕ್ಕದಲ್ಲೇ ಬರುತ್ತಾ, "ಅಂಕಲ್, ಸ್ಪೀಡ್ ಜಾಸ್ತಿ ಆದ್ರೆ ನಿಂತೋಗುತ್ತೆ" ಅಂದ. ಟೈರ್ ಶಬ್ದದಲ್ಲಿ ಮುಳುಗುತ್ತದೆ ಎಂದು ನಾನು ತಿಳಿದಿದ್ದೆ. "ಇಲ್ಲ ಅಂಕಲ್, ಒಂದೇ ಸಲಕ್ಕೆ ಕಟ್ ಆಗುತ್ತೆ."

ಆ ಮಾತು ರಾತ್ರಿಯೆಲ್ಲ ಕೊರೆಯಿತು. ಸಣ್ಣವರಿದ್ದಾಗ ಚೊಂಬಿನಲ್ಲಿ ನೀರು ತುಂಬಿ ಗಿರಗಿರ ತಿರುಗಿಸುತ್ತಿದ್ದೆವಲ್ಲ, ಜೋರಾಗಿ ತಿರುಗಿಸಿದರೆ ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ಇದೂ ಅದೇ! ಒಳಗೆ ಏನೋ ಬಿಡಿ ಚೂರು ಇದೆ. ನಿಧಾನಕ್ಕೆ ಹೋಗುವಾಗ ಮೇಲಿಂದ ಕೆಳಕ್ಕೆ ಬೀಳುತ್ತದೆ. ವೇಗ ಹೆಚ್ಚಿದರೆ ಹೊರಗೋಡೆಗೆ ಒತ್ತಿಕೊಂಡು ಅಲ್ಲೇ ಕೂರುತ್ತದೆ. ಯಾವ ವೇಗಕ್ಕೆ ಕೂರುತ್ತದೆ ಎನ್ನುವುದು ಅದು ನಡುವಿನಿಂದ ಎಷ್ಟು ದೂರ ಇದೆ ಎನ್ನುವುದರ ಮೇಲೆ ನಿಂತಿದೆ. ಅಂದರೆ ವೇಗ ಗೊತ್ತಾದರೆ ಜಾಗವೂ ಗೊತ್ತಾಗುತ್ತದೆ.

ಟೈರ್ 195/65 ಆರ್15, ಅರ್ಧವ್ಯಾಸ ಸುಮಾರು 32 ಸೆಂ.ಮೀ. ಕ್ಲಿಪ್‌ಗಳಿರುವುದು ನಡುವಿನಿಂದ 19 ಸೆಂ.ಮೀ. ದೂರದಲ್ಲಿ. ಅಲ್ಲಿ ಚೂರು ಇದ್ದಿದ್ದರೆ ಗಂಟೆಗೆ 8 ಕಿ.ಮೀ.ಗೇ ಸದ್ದು ನಿಲ್ಲಬೇಕು. ನಮ್ಮ ಸದ್ದು ಹಾಗಲ್ಲ. ಇವತ್ತು ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಕಿಟಕಿ ಇಳಿಸಿ ಎಂಟು ಸಲ ಓಡಿಸಿದೆ. ಎಂಟು ಸಲವೂ 20ರ ಹತ್ತಿರ ಕತ್ತರಿಸಿದ ಹಾಗೆ ನಿಂತಿತು. ಮರದ ಕೆಳಗೆ ನಿಲ್ಲಿಸಿ ಮೊಬೈಲ್‌ನಲ್ಲಿ ಲೆಕ್ಕ ಹಾಕಿದೆ. ನಡುವಿನಿಂದ ಮೂರು ಸೆಂ.ಮೀ. ಚಿಲ್ಲರೆ!

ನಡುವಿನ ಬಿಲ್ಲೆ.

ಅಲ್ಲೇ ಕೂತು ಪ್ಲಾಸ್ಟಿಕ್ ಪಟ್ಟಿಯಿಂದ ಬಿಲ್ಲೆ ಎಬ್ಬಿಸಿದೆ. ಒಳಗೆ ಟೊಳ್ಳು. ತೊಗರಿಬೇಳೆಯಷ್ಟು ಒಂದು ಕಪ್ಪು ಚೂರು ಅಂಗೈಗೆ ಬಿತ್ತು. ಅಚ್ಚಿನಿಂದ ತೆಗೆದಾಗ ಮುರಿದು ಒಳಗೇ ಉಳಿದ ಪ್ಲಾಸ್ಟಿಕ್. ಒಂದು ಬದಿಯಲ್ಲಿ ಮುರಿದ ಕಲೆ ಇನ್ನೂ ಬೆಳ್ಳಗಿತ್ತು. ಮೂಲೆಗಳೆಲ್ಲ ಉರುಳಿ ಉರುಳಿ ಹೊಳೆದಂಡೆಯ ಕಲ್ಲಿನ ಹಾಗೆ ನುಣ್ಣಗಾಗಿದ್ದವು. ಬಿಲ್ಲೆ ಒತ್ತಿ ಕೂರಿಸಿ ಕಪ್ ಹಾಕಿ ಹೊರಟೆ. ಟೈರ್ ಕೆಳಗೆ ಮರಳು ಚರಚರ ಅನ್ನುವುದು ಬಿಟ್ಟರೆ ಏನೂ ಇಲ್ಲ. ಸಂಜೆ ಚೂರನ್ನು ಹುಡುಗನ ಕೈಗೇ ಕೊಟ್ಟೆ, ಪೆನ್ಸಿಲ್ ಬಾಕ್ಸಿನಲ್ಲಿ ಇಟ್ಟುಕೊಂಡ.

ಮುಂದಿನದು ಬ್ಯಾಟರಿಗೆ ಗಾಳಿ ಬೀಸುವ ಫ್ಯಾನ್ ಸ್ವಚ್ಛ ಮಾಡುವ ಕೆಲಸ. ಹಿಂದಿನ ಸೀಟಿನ ಪಕ್ಕದ ಜಾಲರಿಯಲ್ಲಿ ಬೆರಳಾಡಿಸಿದರೆ ನಾಯಿ ಕೂದಲು ಬರುತ್ತಿದೆ, ಹಳೇ ಮಾಲೀಕರ ಮನೆಯದಿರಬೇಕು. ಬ್ಯಾಟರಿಯಲ್ಲಿ 28 ಮಾಡ್ಯೂಲ್, ಒಟ್ಟು 201.6 ವೋಲ್ಟ್. ಆ ಗಾಳಿಯಿಂದಲೇ ಅವು ತಣ್ಣಗಿರುವುದು, ಬೇಸಿಗೆ ಬರುವ ಮುಂಚೆ ಮುಗಿಸಲೇಬೇಕು. ಬ್ಯಾಟರಿಯ ಸಂಪರ್ಕ ಕಡಿಯುವ ಕಿತ್ತಳೆ ಪ್ಲಗ್ ತೆಗೆಯಲು ಒಳ್ಳೆ ಇನ್ಸುಲೇಟೆಡ್ ಕೈಗವಸು ಮೈಸೂರಲ್ಲಿ ಎಲ್ಲಿ ಸಿಗುತ್ತದೆ, ಗೊತ್ತಿದ್ದವರು ಹೇಳಿ. ಹಾಗೇ ಯಾರ ಹತ್ತಿರವಾದರೂ ಒರಿಜಿನಲ್ ಕಪ್ ಒಂದಿದ್ದರೆ ತಿಳಿಸಿ. ಗೀರು ಬಿದ್ದಿದ್ದರೂ ಪರವಾಗಿಲ್ಲ, ಕ್ಲಿಪ್ ಗಟ್ಟಿ ಇದ್ದರೆ ಸಾಕು.