ಬಾಂಬ್ ಬಿತ್ತು, ಯುದ್ಧ ಮುಗಿಯಿತು

ಅಪ್ಪ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದವರು. ಎರಡನೇ ಮಹಾಯುದ್ಧದ ಪಾಠದ ಕೊನೆಗೆ ಅವರು ಬರೆಸುತ್ತಿದ್ದ ನೋಟ್ಸ್ ನನಗೆ ಈಗಲೂ ಬಾಯಿಪಾಠ. '1945ರ ಆಗಸ್ಟ್ 6ರಂದು ಹಿರೋಷಿಮಾ, 9ರಂದು ನಾಗಸಾಕಿ ಮೇಲೆ ಅಣುಬಾಂಬ್ ಬಿತ್ತು. ಜಪಾನ್ ಶರಣಾಯಿತು. ಯುದ್ಧ ಮುಗಿಯಿತು.' ಎರಡು ಅಂಕದ ಪ್ರಶ್ನೆ. ನಾನೂ ಅದನ್ನೇ ಬರೆದು ಎರಡಕ್ಕೆ ಎರಡು ತೆಗೆದುಕೊಂಡಿದ್ದೆ.

ಈಗ ನಾನು ಒಸಾಕಾದಲ್ಲಿ ಕೆಲಸದಲ್ಲಿದ್ದೇನೆ. ಕಳೆದ ಏಪ್ರಿಲ್‌ನಲ್ಲಿ ಅಪ್ಪ ಅಮ್ಮ ಬಂದಿದ್ದರು. ಬೇರೆ ಏನು ಬಿಟ್ಟರೂ ಹಿರೋಷಿಮಾ ಬಿಡಬಾರದು ಅಂತ ಅಪ್ಪ ದಾವಣಗೆರೆಯಿಂದಲೇ ಹೇಳಿಟ್ಟಿದ್ದರು. ಶಿಂಕಾನ್ಸೆನ್ ರೈಲಿನಲ್ಲಿ ಒಂದೂವರೆ ಗಂಟೆಯ ದಾರಿ. ಬೆಳಿಗ್ಗೆ ಬೇಗ ಹೊರಟೆವು. ಅಮ್ಮ ಚಪಾತಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡಿದ್ದರು.

ಮ್ಯೂಸಿಯಂನಲ್ಲಿ ಜನ ಜಾಸ್ತಿ ಇದ್ದರು, ಆದರೆ ಸದ್ದಿರಲಿಲ್ಲ. ಅಪ್ಪ ಒಂದೊಂದು ಫಲಕವನ್ನೂ ನಿಂತು ಓದುತ್ತಿದ್ದರು. ಅಮ್ಮ ಮಾತ್ರ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತವರು ಮುಂದೆ ಬರಲೇ ಇಲ್ಲ. ಒಳಗೆ ಒಂದು ಊಟದ ಡಬ್ಬಿ ಇತ್ತು. ಒಳಗಿನ ಊಟ ಪೂರ್ತಿ ಇದ್ದಿಲು. ಮಾಧ್ಯಮಿಕ ಶಾಲೆಯ ಮೊದಲ ವರ್ಷದ ಹುಡುಗನೊಬ್ಬನದು. ಅಕ್ಕಿ, ಬಾರ್ಲಿ, ಸೋಯಾಕಾಳು ಬೆರೆಸಿದ ಅನ್ನ, ಜೊತೆಗೆ ಆಲೂಗಡ್ಡೆ. ಮಗನನ್ನು ಹುಡುಕಿಕೊಂಡು ಹೋದ ತಾಯಿಗೆ ಅವನ ದೇಹದ ಅಡಿಯಲ್ಲಿ ಸಿಕ್ಕ ಡಬ್ಬಿ.

"ಒಂದು ತುತ್ತೂ ತಿಂದಿಲ್ಲ ನೋಡು" ಅಂದರು ಅಮ್ಮ.

ತಿನ್ನುವ ಹೊತ್ತಾಗಿರಲಿಲ್ಲ. ಬಾಂಬ್ ಸಿಡಿದಾಗ ಬೆಳಿಗ್ಗೆ 8 ಗಂಟೆ 15 ನಿಮಿಷ. ಆ ಮಕ್ಕಳು ಆವತ್ತು ಪಾಠಕ್ಕೆ ಹೋದವರಲ್ಲ. ವಿಮಾನ ದಾಳಿಯಾದರೆ ಬೆಂಕಿ ಹಬ್ಬದಿರಲಿ ಅಂತ ಊರ ನಡುವೆ ಸಾಲು ಮನೆಗಳನ್ನು ಕೆಡವಿ ಜಾಗ ಬಿಡಿಸುತ್ತಿದ್ದರು. ಆ ಕೆಲಸಕ್ಕೆ ಹನ್ನೆರಡು ಹದಿಮೂರರ ಮಕ್ಕಳನ್ನು ಕಳಿಸಿದ್ದರು. ಬಯಲಲ್ಲಿ, ಬಿಸಿಲಲ್ಲಿ, ತಲೆಯ ಮೇಲೆ ಏನೂ ಇಲ್ಲ. ಹಾಗೆ ಸತ್ತ ವಿದ್ಯಾರ್ಥಿಗಳೇ ಸುಮಾರು 6,000. ಆ ವರ್ಷದ ಕೊನೆಯ ಹೊತ್ತಿಗೆ ಹಿರೋಷಿಮಾದಲ್ಲಿ ಸತ್ತವರು ಒಟ್ಟು 1,40,000ದಷ್ಟು ಅನ್ನುತ್ತಾರೆ. ನನಗೆ ಆ ದೊಡ್ಡ ಸಂಖ್ಯೆ ತಲೆಗೆ ಹೋಗಲಿಲ್ಲ. ಡಬ್ಬಿ ಹೋಯಿತು.

ಹೊರಗೆ ಉದ್ಯಾನದಲ್ಲಿ ಕಮಾನಿನಂಥ ಸ್ಮಾರಕ ಇದೆ. ಅದರ ಕಲ್ಲಿನ ಮೇಲೆ ಕೆತ್ತಿದ್ದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. 'ನೆಮ್ಮದಿಯಾಗಿ ಮಲಗಿ, ಈ ತಪ್ಪನ್ನು ಮತ್ತೆ ಮಾಡುವುದಿಲ್ಲ.'

"ಯಾರು ಮಾಡುವುದಿಲ್ಲ?" ಅಪ್ಪ ಥಟ್ಟನೆ ಕೇಳಿದರು.

ಜಪಾನಿ ವಾಕ್ಯದಲ್ಲೂ ಕರ್ತೃಪದ ಇಲ್ಲ. 1952ರಲ್ಲಿ ಇಲ್ಲಿಗೆ ಬಂದಿದ್ದ ನಮ್ಮ ರಾಧಾಬಿನೋದ್ ಪಾಲ್ ಕೂಡ ಇದೇ ಪ್ರಶ್ನೆ ಎತ್ತಿದ್ದರು. ಟೋಕಿಯೊ ಯುದ್ಧಾಪರಾಧ ವಿಚಾರಣೆಯಲ್ಲಿ ಭಾರತದ ನ್ಯಾಯಾಧೀಶರಾಗಿದ್ದವರು. ಬಾಂಬ್ ಹಾಕಿದವರು ಜಪಾನೀಯರಲ್ಲವಲ್ಲ, ತಪ್ಪು ಯಾರದು ಅಂತ. ಇಡೀ ಮನುಷ್ಯಕುಲದ ಮಾತು ಅದು ಅಂತ ಊರಿನವರು ಉತ್ತರ ಕೊಟ್ಟರು.

ನನಗೆ ಅಲ್ಲೇ ಅಪ್ಪನ ನೋಟ್ಸ್ ನೆನಪಾಯಿತು. "ಅಪ್ಪಾ, ನಿಮ್ಮ ವಾಕ್ಯದಲ್ಲೂ ಯಾರೂ ಇಲ್ಲ. ಬಾಂಬ್ ಬಿತ್ತು. ಮಳೆ ಬಿದ್ದ ಹಾಗೆ."

ಅಪ್ಪನಿಗೆ ಚುರುಕ್ ಅಂತು. ಬೆಂಚಿನ ಮೇಲೆ ಕೂತು ವಾದಕ್ಕಿಳಿದರು. ಒಕಿನಾವಾ ಒಂದು ದ್ವೀಪಕ್ಕೇ ಅಮೆರಿಕದ ಸೈನಿಕರು 12,000ಕ್ಕೂ ಜಾಸ್ತಿ ಸತ್ತರು, ಅಲ್ಲಿನ ಜನ ಅದಕ್ಕೂ ಎಷ್ಟೋ ಪಟ್ಟು. ನವೆಂಬರ್‌ನಲ್ಲಿ ಕ್ಯುಶು ದ್ವೀಪಕ್ಕೆ ಸೈನ್ಯ ಇಳಿಸುವ ಯೋಜನೆ ಇತ್ತು. ಜಪಾನಿ ಸೈನ್ಯದ ಕೈಯಲ್ಲಿ ಚೀನಾದವರು ದಿನಾ ಸಾಯುತ್ತಿದ್ದರು. "ಅವರ ಲೆಕ್ಕ ಯಾರು ಇಡಬೇಕು? ನಿನ್ನ ಅಣ್ಣನೇ ಆ ಹಡಗಿನಲ್ಲಿ ಇದ್ದಿದ್ದರೆ?"

ಇದು ಸುಮ್ನೆ ತಳ್ಳಿಹಾಕುವ ಮಾತಲ್ಲ. ನನ್ನ ಅಣ್ಣ ಇದ್ದಿದ್ದರೆ ನಾನೂ ಹಾಕಲಿ ಅನ್ನುತ್ತಿದ್ದೆನೇನೋ. ಆದರೆ ಹಾಗೆ ಅಂದ ಮಾತ್ರಕ್ಕೆ ಅದು ಸರಿ ಆಗುತ್ತದೆಯೇ? ಆ ಡಬ್ಬಿಯ ಹುಡುಗನನ್ನು ಯಾರೂ ಕೇಳಿರಲಿಲ್ಲ. ಯುದ್ಧ ಬೇಗ ಮುಗಿಯಲಿ ಅಂತ ಇನ್ನೊಬ್ಬರ ಮಗುವನ್ನು ಲೆಕ್ಕಕ್ಕೆ ಹಾಕಿ ಸುಡುವುದನ್ನು ನಾನು ಒಪ್ಪಲಾರೆ. ಜಪಾನ್ ಸೈನ್ಯ ಎಷ್ಟೇ ಕ್ರೂರಿಯಾಗಿದ್ದರೂ ಒಪ್ಪಲಾರೆ. ಶರಣಾಗತಿಯ ಷರತ್ತುಗಳನ್ನು ಬಿಡಿಸಿ ಹೇಳಿ, ಜಪಾನ್ ಒಪ್ಪದೆ ಹೋದ ಹೊರತು ಹಾಕಬೇಡಿ ಅಂತ ಮೊದಲೇ ಅರ್ಜಿ ಬರೆದವರು ಬಾಂಬ್ ತಯಾರಿಕೆಯಲ್ಲೇ ಇದ್ದರು. ಭೌತವಿಜ್ಞಾನಿ ಲಿಯೊ ಜಿಲಾರ್ಡ್ ಜೊತೆ ಸುಮಾರು 70 ವಿಜ್ಞಾನಿಗಳು ಸಹಿ ಹಾಕಿದ್ದರು.

ನಾಗಸಾಕಿಯ ಮಾತು ಬಂದಿದ್ದು ವಾಪಸ್ ರೈಲಿನಲ್ಲಿ. ಬಾಂಬ್ ಹಾಕಲು ಅಮೆರಿಕದ ಸೇನೆ ಕೊಟ್ಟ ಜುಲೈ 25ರ ಆದೇಶದಲ್ಲೇ ಇತ್ತು ಅಪ್ಪಾ, ಅಂದೆ. ಮೊದಲನೆಯದಾದ ಮೇಲೆ ಉಳಿದವು ತಯಾರಾದ ಹಾಗೆ ಹಾಕುತ್ತಾ ಹೋಗಿ ಅಂತ. ಎರಡನೆಯದಕ್ಕೆ ಮತ್ತೊಮ್ಮೆ ಕೂತು ಯೋಚಿಸಲೇ ಇಲ್ಲ. ಅದೂ ನಾಗಸಾಕಿಗೆ ಅಂತ ಹೊರಟಿದ್ದಲ್ಲ. ಕೊಕುರಾ ಊರಿಗೆ ಹೊರಟ ವಿಮಾನ. ಅಲ್ಲಿ ಗುರಿ ಕಾಣಿಸಲಿಲ್ಲ ಅಂತ ನಾಗಸಾಕಿಗೆ ತಿರುಗಿತು. ಮೂರೇ ದಿನ. ಹಿರೋಷಿಮಾದಲ್ಲಿ ಏನಾಗಿದೆ ಅಂತ ಟೋಕಿಯೊದಲ್ಲಿ ಕೂತವರಿಗೆ ಅರ್ಥವಾಗುವುದಕ್ಕಾದರೂ ಹೊತ್ತು ಬೇಡವೇ? ಅದೇ 9ನೇ ತಾರೀಖು ಸೋವಿಯತ್ ಸೈನ್ಯವೂ ಮಂಚೂರಿಯಾಕ್ಕೆ ನುಗ್ಗಿತ್ತು. ಯುದ್ಧ ಯಾವುದರಿಂದ ಮುಗಿಯಿತು ಅಂತ ಇತಿಹಾಸಕಾರರು ಇವತ್ತಿಗೂ ವಾದ ಮಾಡುತ್ತಿದ್ದಾರೆ.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಅಮ್ಮ ಚಪಾತಿ ಬಿಚ್ಚಿ ಇಬ್ಬರ ಕೈಗೂ ಕೊಟ್ಟರು. ಅಪ್ಪ ಅರ್ಧ ತಿಂದು ನಿಲ್ಲಿಸಿದರು.

"ಎರಡನೆಯದನ್ನು ನಾನು ಒಪ್ಪಲ್ಲ" ಅಂದರು.

ಅಮ್ಮ ಡಬ್ಬಿಯ ಮುಚ್ಚಳ ಹಾಕುತ್ತಾ ಕೇಳಿದರು. "ಮೊದಲನೆಯದನ್ನು, ರೀ?"

ಅಪ್ಪ ಕಿಟಕಿಯ ಕಡೆ ತಿರುಗಿದರು. ಒಸಾಕಾ ಬರುವವರೆಗೂ ಅವರು ಉತ್ತರ ಹೇಳಲಿಲ್ಲ.