ಮಗುವನ್ನು ಮನೆಗೆ ಕಳುಹಿಸುವ ಕೆಲಸ

ಇದು 2020ರಲ್ಲಿ, ಕೊರೋನಾದಿಂದ ಮುಚ್ಚಿದ್ದ ಶಾಲೆ ಮತ್ತೆ ತೆರೆಯುವ ಮುನ್ನ ಬರೆದದ್ದು. ಕಳೆದ ಗುರುವಾರ, ಐದು ತಿಂಗಳ ಬಳಿಕ, ಶಾಲೆಯಲ್ಲಿರುವ ನನ್ನ ಕೊಠಡಿಯ ಬೀಗ ತೆಗೆದೆ. ಗೋಡೆಯ ಕ್ಯಾಲೆಂಡರ್ ಇನ್ನೂ 2020ರ ಮಾರ್ಚ್ ತಿಂಗಳನ್ನೇ ತೋರಿಸುತ್ತಿತ್ತು. ಮೇಜಿನ ಮೇಲೆ ನಾಲ್ಕನೇ ತರಗತಿಯ ದೃಷ್ಟಿ ಪರೀಕ್ಷೆಯ ಪಟ್ಟಿ ಹನ್ನೆರಡನೇ ಹೆಸರಿಗೆ ನಿಂತಿತ್ತು. ಮಾರ್ಚ್ 13ರ ಶುಕ್ರವಾರ, ಉಳಿದವರನ್ನು ಸೋಮವಾರ ನೋಡೋಣವೆಂದು ಪೆನ್ನು ಮುಚ್ಚಿಟ್ಟು ಹೊರಟವಳು ನಾನು. ಕೊಠಡಿಯಲ್ಲಿ ಎರಡು ಮಂಚಗಳಿವೆ, ನಡುವೆ ಒಂದು ಪರದೆಯಿದೆ, ನಾಲ್ಕು ಬೆರಳಿನಷ್ಟು ಮಾತ್ರ ತೆರೆದುಕೊಳ್ಳುವ ಒಂದು ಕಿಟಕಿಯಿದೆ. ಮಂಚಗಳ ನಡುವಿನ ಅಂತರವನ್ನು ಟೇಪಿನಿಂದ ಅಳೆದು ನೋಡಿದೆ: ಮೂರೂವರೆ ಅಡಿ. ಆರು ಅಡಿ ಇರಬೇಕೆಂಬುದು 2020ರ ನಿಯಮವಾಗಿತ್ತು. ಒಂದು ಮಂಚವನ್ನು ಹೊರಗೆ ಹಾಕದೆ ಬೇರೆ ದಾರಿಯಿರಲಿಲ್ಲ.

ನಾನು ಹಾಸನದವಳು, ಮಂಗಳೂರಿನಲ್ಲಿ ನರ್ಸಿಂಗ್ ಓದಿ, ಕೆಲವು ವರ್ಷ ಆಸ್ಪತ್ರೆಗಳಲ್ಲಿ ದುಡಿದು, ಈಗ ಎಂಟು ವರ್ಷಗಳಿಂದ ಅಮೆರಿಕದ ನ್ಯೂಜೆರ್ಸಿಯ ಒಂದು ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ನರ್ಸ್ ಆಗಿದ್ದೇನೆ. ಶಾಲೆಗೊಬ್ಬ ನರ್ಸ್ ಏಕೆ ಬೇಕು ಎಂದು ಊರಿನವರು ಈಗಲೂ ಕೇಳುತ್ತಾರೆ. ನಾವು ಓದಿದ ಶಾಲೆಯಲ್ಲಿ ಹೊಟ್ಟೆನೋವೆಂದರೆ ಮೇಷ್ಟ್ರು ಒಂದು ಲೋಟ ನೀರು ಕುಡಿಸಿ, ಅದೇ ಬೀದಿಯ ದೊಡ್ಡ ಹುಡುಗನೊಬ್ಬನನ್ನು ಜೊತೆ ಮಾಡಿ ಮನೆಗೆ ಕಳುಹಿಸುತ್ತಿದ್ದರು. ಇಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಉಬ್ಬಸದ ಮಗುವಿಗೆ ಇನ್ಹೇಲರ್ ಕೊಡುವುದು, ಊಟಕ್ಕೆ ಮುಂಚೆ ಸಕ್ಕರೆ ಕಾಯಿಲೆಯ ಮಗುವಿನ ಬೆರಳು ಚುಚ್ಚಿ ಇನ್ಸುಲಿನ್ ಲೆಕ್ಕ ಹಾಕುವುದು, ಕಡಲೆಕಾಯಿಯ ಅಲರ್ಜಿಯಿರುವವರ ತುರ್ತು ಚುಚ್ಚುಮದ್ದಾದ ಎಪಿಪೆನ್ ಎಲ್ಲಿದೆ ಎಂಬುದನ್ನು ಕಣ್ಣು ಮುಚ್ಚಿಕೊಂಡು ಹೇಳುವಂತಿರುವುದು, ಲಸಿಕೆಯ ದಾಖಲೆಗಳನ್ನು ತಾಳೆ ನೋಡುವುದು, ಇವುಗಳ ನಡುವೆ ಗಣಿತ ತರಗತಿಯಿಂದ ತಪ್ಪಿಸಿಕೊಳ್ಳಲು ಬಂದವರಿಗೆ ಐಸ್ ಪ್ಯಾಕ್ ಕೊಟ್ಟು ಐದು ನಿಮಿಷ ಕೂರಿಸಿಕೊಂಡು ಮಾತನಾಡಿಸುವುದು, ಎಲ್ಲವೂ ಒಬ್ಬಳದೇ ಕೆಲಸ. ಐಸ್ ಪ್ಯಾಕ್‌ನಿಂದ ವಾಸಿಯಾಗದ ಕಾಯಿಲೆ ಮಕ್ಕಳ ಪ್ರಪಂಚದಲ್ಲಿ ಬಹಳ ಕಡಿಮೆ.

ಸೆಪ್ಟೆಂಬರ್ 8ರಂದು ಶಾಲೆ ತೆರೆಯಲಿದೆ. ಮಕ್ಕಳನ್ನು ಎರಡು ಗುಂಪು ಮಾಡಿದ್ದಾರೆ. ಒಂದು ಗುಂಪು ಶಾಲೆಯಲ್ಲಿದ್ದರೆ ಇನ್ನೊಂದು ಮನೆಯಲ್ಲಿ ಕಂಪ್ಯೂಟರ್ ಪರದೆಯ ಮುಂದೆ. ಸಿದ್ಧತೆ ಸಾಲದ ಶಾಲೆಗಳು ಆನ್‌ಲೈನಿನಲ್ಲೇ ಆರಂಭಿಸಬಹುದು ಎಂದು ನಮ್ಮ ಗವರ್ನರ್ ಆಗಸ್ಟ್ ಮಧ್ಯದಲ್ಲಿ ಹೇಳಿದರು. ನಮ್ಮ ಶಾಲಾ ಮಂಡಳಿ ತೆರೆಯುವ ಪಕ್ಷಕ್ಕೇ ಮತ ಹಾಕಿತು. ಆ ಸಭೆಯಲ್ಲಿ ಮೂರು ಗಂಟೆ ಚರ್ಚೆ ನಡೆಯಿತು, ಫುಟ್‌ಬಾಲ್ ಬಗ್ಗೆಯೂ ನಡೆಯಿತು. ನರ್ಸ್‌ಗಳನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

ನನಗಾಗಿ ಒಂದು ರಟ್ಟಿನ ಪೆಟ್ಟಿಗೆ ಬಂದಿತ್ತು. ಅದರಲ್ಲಿ ಐವತ್ತು ಸರ್ಜಿಕಲ್ ಮಾಸ್ಕ್, ಒಂದು ಫೇಸ್ ಶೀಲ್ಡ್, ನಾಲ್ಕು ಗೌನ್, ಎರಡು ಎನ್95 ಇದ್ದವು. ಎನ್95 ಎಂದರೆ ಹಾಕಿಕೊಂಡ ಮಾತ್ರಕ್ಕೆ ರಕ್ಷಣೆಯಲ್ಲ. ಮುಖದ ಅಳತೆಗೆ ಅದು ಕೂರುತ್ತದೆಯೇ, ಅಂಚಿನಿಂದ ಗಾಳಿ ನುಸುಳುತ್ತದೆಯೇ ಎಂದು ಪರೀಕ್ಷಿಸಿದ ಮೇಲಷ್ಟೇ ಅದನ್ನು ನಂಬಬಹುದು. ಆಸ್ಪತ್ರೆಯಲ್ಲಿ ಅದಕ್ಕೊಂದು ವಿಭಾಗವೇ ಇರುತ್ತದೆ. ಇಲ್ಲಿ ಆ ಪರೀಕ್ಷೆ ಯಾರು ಮಾಡುತ್ತಾರೆ ಎಂದು ಇಮೇಲ್ ಕಳುಹಿಸಿ ಹನ್ನೊಂದು ದಿನಗಳಾದವು. ಔಷಧವನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಯಂತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಅದು ಮಗುವಿನ ಉಸಿರಿನ ಹನಿಗಳನ್ನು ಕೊಠಡಿಯ ತುಂಬ ಹರಡಬಹುದಾದ್ದರಿಂದ, ಸಾಧ್ಯವಾದಷ್ಟೂ ಸ್ಪೇಸರ್ ಎಂಬ ಕೊಳವೆ ಜೋಡಿಸಿದ ಇನ್ಹೇಲರನ್ನೇ ಬಳಸಬೇಕೆಂಬ ಸಲಹೆಯಿದೆ. ಪ್ರತಿಯೊಂದು ಮಗುವಿಗೂ ಬೇರೆ ಸ್ಪೇಸರ್ ಬೇಕು. ಅದನ್ನು ಮನೆಯಿಂದಲೇ ತರಬೇಕೆಂದು ಪೋಷಕರಿಗೆ ಬರೆದಿದ್ದೇನೆ.

ಆದರೆ ನನ್ನ ನಿದ್ದೆ ಕೆಡಿಸಿರುವುದು ಈ ಪೆಟ್ಟಿಗೆಯಲ್ಲ. ಬಾಗಿಲಿಗೆ ಅಂಟಿಸಲು ಕೊಟ್ಟಿರುವ ರೋಗಲಕ್ಷಣಗಳ ಪಟ್ಟಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಹೇಳುವ ಹನ್ನೊಂದು ಲಕ್ಷಣಗಳು ಅದರಲ್ಲಿವೆ: ಜ್ವರ ಅಥವಾ ಚಳಿ, ಕೆಮ್ಮು, ಉಸಿರಾಟದ ತೊಂದರೆ, ಸುಸ್ತು, ಮೈಕೈ ನೋವು, ತಲೆನೋವು, ರುಚಿ ವಾಸನೆ ತಿಳಿಯದಿರುವುದು, ಗಂಟಲು ನೋವು, ಮೂಗು ಸೋರುವುದು, ವಾಕರಿಕೆ ಅಥವಾ ವಾಂತಿ, ಭೇದಿ. ರುಚಿ ವಾಸನೆಯ ಸಂಗತಿಯೊಂದನ್ನು ಬಿಟ್ಟರೆ, ಈ ಪಟ್ಟಿ ನನ್ನ ಯಾವುದೇ ಅಕ್ಟೋಬರ್ ತಿಂಗಳ ದಿನಚರಿ. ಮೂಗು ಸೋರುವ ಮಗುವನ್ನೆಲ್ಲ ಪ್ರತ್ಯೇಕ ಕೊಠಡಿಯಲ್ಲಿ ಕೂರಿಸಿ, ಪೋಷಕರಿಗೆ ಫೋನ್ ಮಾಡಿ, ಮನೆಗೆ ಕಳುಹಿಸುತ್ತ ಹೋದರೆ ಎರಡನೇ ವಾರಕ್ಕೆ ಅರ್ಧ ತರಗತಿ ಉಳಿಯುವುದಿಲ್ಲ. ಕಳುಹಿಸದೆ ಉಳಿಸಿಕೊಂಡ ಒಂದೇ ಒಂದು ಮಗುವಿಗೆ ಸೋಂಕಿದ್ದರೆ, ನರ್ಸ್ ಏನು ಮಾಡುತ್ತಿದ್ದಳು ಎಂಬುದೇ ಊರಿನ ಮೊದಲ ಪ್ರಶ್ನೆಯಾಗುತ್ತದೆ.

ಇದರಲ್ಲಿ ನನಗೆ ಕಾಣುವ ವಿಚಿತ್ರವೊಂದಿದೆ. ಈ ದೇಶದಲ್ಲಿ ಶಾಲಾ ನರ್ಸ್ ಎಂಬ ಹುದ್ದೆ ಹುಟ್ಟಿದ್ದೇ ಮಕ್ಕಳನ್ನು ಮನೆಗೆ ಕಳುಹಿಸುವುದನ್ನು ತಪ್ಪಿಸಲು. ನಮ್ಮಿಂದ ಒಂದು ಗಂಟೆ ದೂರದ ನ್ಯೂಯಾರ್ಕ್ ನಗರದಲ್ಲಿ, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ವೈದ್ಯಕೀಯ ತನಿಖಾಧಿಕಾರಿಗಳು ಶಾಲೆಗೆ ಬಂದು ಕಣ್ಣಿನ ಟ್ರಕೋಮಾ, ಹುಳುಕಡ್ಡಿ, ಕಜ್ಜಿ, ಹೇನು ಕಂಡ ಮಕ್ಕಳನ್ನೆಲ್ಲ ಆಚೆ ಕಳುಹಿಸುತ್ತಿದ್ದರು. ಕಳುಹಿಸಿದವರಿಗೆ ಚಿಕಿತ್ಸೆ ಮಾಡುವವರು ಯಾರೂ ಇರಲಿಲ್ಲ. ವಲಸೆ ಬಂದ ಬಡವರ ಮಕ್ಕಳು. ತರಗತಿಯಿಂದ ಹೊರಬಿದ್ದು, ಸಂಜೆ ಅದೇ ಸಹಪಾಠಿಗಳೊಂದಿಗೆ ಬೀದಿಯಲ್ಲಿ ಆಡುತ್ತಿದ್ದರು. 1902ರ ಅಕ್ಟೋಬರಿನಲ್ಲಿ ಬಡವರ ಸೇವೆಗಿದ್ದ ಹೆನ್ರಿ ಸ್ಟ್ರೀಟ್ ಸೆಟಲ್‌ಮೆಂಟ್ ಎಂಬ ಸಂಸ್ಥೆಯ ನರ್ಸ್ ಲಿಲಿಯನ್ ವಾಲ್ಡ್ ಅವರು ಪ್ರಯೋಗವೆಂದು ಒಂದು ತಿಂಗಳ ಮಟ್ಟಿಗೆ ಲೀನಾ ರಾಜರ್ಸ್ ಎಂಬ ನರ್ಸ್ ಅನ್ನು ನಾಲ್ಕು ಶಾಲೆಗಳಿಗೆ ಕೊಟ್ಟರು. ಸಣ್ಣಪುಟ್ಟ ಕಾಯಿಲೆಗೆ ಆಕೆ ಶಾಲೆಯಲ್ಲೇ ಮದ್ದು ಹಚ್ಚಿದಳು. ಹೊರಬಿದ್ದ ಮಕ್ಕಳ ಮನೆಗೆ ಮಹಡಿ ಮೆಟ್ಟಿಲು ಹತ್ತಿ ಹೋಗಿ ತಾಯಂದಿರಿಗೆ ತಿಳಿಸಿ ಹೇಳಿದಳು. 1902ರ ಸೆಪ್ಟೆಂಬರಿನಲ್ಲಿ 10,567 ಮಕ್ಕಳನ್ನು ಶಾಲೆಯಿಂದ ಹೊರಗಿಟ್ಟಿದ್ದರು. ನಗರ ಇನ್ನಷ್ಟು ನರ್ಸ್‌ಗಳನ್ನು ನೇಮಿಸಿಕೊಂಡ ಮೇಲೆ, ಮರುವರ್ಷದ ಸೆಪ್ಟೆಂಬರಿನಲ್ಲಿ ಆ ಸಂಖ್ಯೆ 1,101ಕ್ಕೆ ಇಳಿದಿತ್ತು. ನನ್ನ ವೃತ್ತಿಯ ಮೂಲ ಇದು. ಈಗ ಅದೇ ವೃತ್ತಿಯವಳಾದ ನನಗೆ ಕೊಟ್ಟಿರುವುದು ಆ ಹಳೆಯ ತನಿಖಾಧಿಕಾರಿಯ ಕೆಲಸ. ಅವನಿಗೆ ಕಣ್ಣಿಗೆ ಕಾಣುವ ಹೇನಾದರೂ ಇತ್ತು.

ಕಳುಹಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ಸೋಂಕು ಖಚಿತವಾದರೆ ಆ ಮಗುವಿನಿಂದ ಆರು ಅಡಿಯೊಳಗೆ ಹದಿನೈದು ನಿಮಿಷ ಇದ್ದವರು ಯಾರೆಂದು ಪಟ್ಟಿ ಮಾಡಬೇಕು. 2020ರ ನಿಯಮದಂತೆ ಅವರೆಲ್ಲ ಹದಿನಾಲ್ಕು ದಿನ ಕ್ವಾರಂಟೈನ್. ಆದರೆ ಸೋಂಕಿತ ಮಗುವಿನ ಹೆಸರನ್ನು ಯಾರಿಗೂ ಹೇಳುವಂತಿಲ್ಲ. ಬೇಸಿಗೆಯಲ್ಲಿ ಪರೀಕ್ಷೆಯ ವರದಿ ಬರಲು ಒಂದು ವಾರ, ಕೆಲವೊಮ್ಮೆ ಹತ್ತು ದಿನ ಹಿಡಿದದ್ದನ್ನು ನಾವೆಲ್ಲ ಕಂಡಿದ್ದೇವೆ. ಅಷ್ಟರಲ್ಲಿ ತಾಯಂದಿರ ವಾಟ್ಸ್ಯಾಪ್ ಗುಂಪು ತಾನೇ ಒಂದು ಹೆಸರನ್ನು ತೀರ್ಮಾನಿಸಿರುತ್ತದೆ.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಬೆಳಿಗ್ಗೆ ಜ್ವರ ಇಳಿಸುವ ಟೈಲೆನಾಲ್ ಕುಡಿಸಿ ಮಗುವನ್ನು ಶಾಲೆಗೆ ಕಳುಹಿಸುವ ಪೋಷಕರು ಪ್ರತಿವರ್ಷ ಇರುತ್ತಾರೆ. ಹನ್ನೊಂದೂವರೆಯ ಹೊತ್ತಿಗೆ ಔಷಧದ ಪ್ರಭಾವ ಇಳಿದು ಮಗು ಕೆಂಪು ಮುಖ ಹೊತ್ತು ನನ್ನ ಬಾಗಿಲಿಗೆ ಬರುತ್ತದೆ. ಹೊಸದರಲ್ಲಿ ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಒಂದು ದಿನ, ಗೋದಾಮಿನಲ್ಲಿ ಗಂಟೆ ಲೆಕ್ಕದ ಕೂಲಿ ಮಾಡುವ ತಾಯಿಯೊಬ್ಬಳು ಎರಡು ಬಸ್ಸು ಬದಲಿಸಿ ಬಂದು, ಮಗಳ ಚೀಲ ಹೆಗಲಿಗೆ ಹಾಕಿಕೊಳ್ಳುತ್ತ, “ಈ ತಿಂಗಳು ಇದು ಮೂರನೇ ಸಲ, ಇನ್ನೊಂದು ಸಲ ಹೊರಟರೆ ನನ್ನನ್ನು ಬರಬೇಡ ಅನ್ನುತ್ತಾರೆ” ಎಂದಳು. ಈ ವರ್ಷ ನಾನು ಫೋನ್ ಮಾಡಬೇಕಾಗಿರುವುದು ಇಂಥವರಿಗೇ, ಅದೂ ಒಂದು ದಿನಕ್ಕಲ್ಲ, ಎರಡು ವಾರಕ್ಕೆ.

ಮನೆಯ ಮಾತಿಗೆ ಬಂದರೆ, ನಮ್ಮತ್ತೆ ಜನವರಿಯಲ್ಲಿ ಮೊಮ್ಮಕ್ಕಳನ್ನು ನೋಡಲು ಬಂದವರು ಇಲ್ಲಿಯೇ ಸಿಕ್ಕಿಹಾಕಿಕೊಂಡಿದ್ದಾರೆ. ಮಾರ್ಚಿನಲ್ಲಿ ಭಾರತಕ್ಕೆ ವಿಮಾನಗಳು ನಿಂತವು, ಏಪ್ರಿಲ್ ಟಿಕೆಟ್ ರದ್ದಾಯಿತು. ಮೇ ತಿಂಗಳಲ್ಲಿ ವಿದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಶುರುವಾದಾಗ, ಎಪ್ಪತ್ತೊಂದರ ವಯಸ್ಸಿಗೆ, ಸಕ್ಕರೆ ಮತ್ತು ಬಿಪಿ ಇಟ್ಟುಕೊಂಡು ಅಷ್ಟು ಹೊತ್ತು ಜನರ ನಡುವೆ ಕೂರುವುದು ಬೇಡವೆಂದು ನಾವೇ ತಡೆದೆವು. ಮನೆಯೇ ಕ್ಷೇಮವೆಂದು ಉಳಿಸಿಕೊಂಡವರ ಬಳಿಗೆ ನಾನೀಗ ಪ್ರತಿದಿನ ಶಾಲೆಯಿಂದ ಮರಳಬೇಕು. ಗ್ಯಾರೇಜಿನಲ್ಲಿ ಒಂದು ಬಕೆಟ್, ಒಂದು ಜೊತೆ ಬಟ್ಟೆ, ಚಪ್ಪಲಿ ಇಟ್ಟಿದ್ದೇನೆ. “ಹಿಂದೆ ಸಾವಿನ ಮನೆಯಿಂದ ಬಂದವರು ಹೀಗೇ ಹಿತ್ತಲಲ್ಲಿ ಸ್ನಾನ ಮಾಡಿಕೊಂಡು ಒಳಗೆ ಬರ್ತಿದ್ರಮ್ಮ” ಎಂದರು ಅತ್ತೆ. ಹಾಸ್ಯಕ್ಕೆ ಹೇಳಿದರೋ ಸಮಾಧಾನಕ್ಕೆ ಹೇಳಿದರೋ ತಿಳಿಯಲಿಲ್ಲ.

ಬಳ್ಳಾರಿ ಕಡೆ ಎ.ಎನ್.ಎಂ., ಅಂದರೆ ಸರಕಾರಿ ಆರೋಗ್ಯ ಸಹಾಯಕಿ, ಆಗಿರುವ ನನ್ನ ಚಿಕ್ಕಮ್ಮನ ಮಗಳು ಜೂನ್ 25ರಿಂದ ನಡೆದ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೇಂದ್ರವೊಂದರ ಗೇಟಿನಲ್ಲಿ ಥರ್ಮಲ್ ಸ್ಕ್ಯಾನರ್ ಹಿಡಿದು ನಿಂತಿದ್ದಳು. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದ ಪರೀಕ್ಷೆ ಅದು. ಬಿಸಿಲಿನಲ್ಲಿ ಓಡಿ ಬಂದ ಹುಡುಗರ ಹಣೆ ಸುಡುತ್ತಿತ್ತಂತೆ. ಸ್ಕ್ಯಾನರ್ ಕೂಗಿದೊಡನೆ ಅವರ ಮುಖ ಬಾಡುತ್ತಿತ್ತಂತೆ. ಅವಳು ಅವರನ್ನು ಬೇವಿನ ಮರದ ನೆರಳಿಗೆ ಕರೆದೊಯ್ದು, ನೀರು ಕುಡಿಸಿ, ಹತ್ತು ನಿಮಿಷದ ಮೇಲೆ ಮತ್ತೆ ನೋಡುತ್ತಿದ್ದಳು. “ಅಕ್ಕಾ, ಎರಡನೇ ಸಲ ನೋಡದೆ ಯಾರನ್ನೂ ಬೇರೆ ಕೋಣೆಗೆ ಕಳಿಸಬೇಡ” ಎಂದು ಫೋನಿನಲ್ಲಿ ಹೇಳಿದಳು. ನನಗೆ ಬಂದಿರುವ ನಲವತ್ತು ಪುಟಗಳ ಸೂಚನೆಗಳಲ್ಲಿ ಇಷ್ಟು ಉಪಯೋಗಕ್ಕೆ ಬರುವ ಒಂದು ವಾಕ್ಯವನ್ನು ನಾನಿನ್ನೂ ಕಂಡಿಲ್ಲ.

ನಾನು ಅದೃಷ್ಟವಂತೆಯೇ. ಪ್ರತಿ ಶಾಲೆಗೂ ಪೂರ್ಣಾವಧಿಯ ಒಬ್ಬ ನರ್ಸ್ ಇರಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2016ರಲ್ಲೇ ಹೇಳಿದೆ. ಆದರೆ ಮರುವರ್ಷ ಪ್ರಕಟವಾದ ಸಮೀಕ್ಷೆಯ ಪ್ರಕಾರ ಪೂರ್ಣಾವಧಿ ನರ್ಸ್ ಇದ್ದುದು ಶೇ. 39ರಷ್ಟು ಶಾಲೆಗಳಲ್ಲಿ ಮಾತ್ರ, ಶೇ. 25ರಷ್ಟು ಶಾಲೆಗಳಲ್ಲಿ ನರ್ಸ್ ಇರಲೇ ಇಲ್ಲ. ಅಲ್ಲಿ ಈ ಹನ್ನೊಂದು ಲಕ್ಷಣಗಳ ಪಟ್ಟಿ ಹಿಡಿದು ಕೂರುವವರು ಕಚೇರಿಯ ಗುಮಾಸ್ತೆಯರು. ನೆರೆಯ ಊರಿನ ಶಾಲೆಯೊಂದರ ಹಿರಿಯ ನರ್ಸ್, ಉಸಿರಾಟದ ತೊಂದರೆಯಿರುವ ಗಂಡನ ಮುಖ ನೋಡಿ, ಜುಲೈ ಕೊನೆಯಲ್ಲಿ ರಾಜೀನಾಮೆ ಕೊಟ್ಟರು. ಅವರನ್ನು ಹೇಡಿ ಎಂದವರಿದ್ದಾರೆ. ನಾನು ಅನ್ನಲಾರೆ.

ನಿನ್ನೆ ಸಂಜೆ ಮೂರನೇ ತರಗತಿಯ ಹುಡುಗನೊಬ್ಬನ ತಾಯಿ ಫೋನ್ ಮಾಡಿದ್ದರು; ಕನ್ನಡದವರೇ. ಇಲ್ಲಿ ಆಗಸ್ಟ್ ಕೊನೆಯಿಂದ ರ‍್ಯಾಗ್‌ವೀಡ್ ಎಂಬ ಕಳೆಗಿಡದ ಪರಾಗ ಗಾಳಿಯಲ್ಲಿ ತುಂಬಿಕೊಳ್ಳುತ್ತದೆ, ಶಾಲೆ ಶುರುವಾದ ಕೆಲವೇ ವಾರಗಳಲ್ಲಿ ಮಕ್ಕಳ ಉಬ್ಬಸ ಪ್ರತಿವರ್ಷವೂ ಏರುತ್ತದೆ. ಅವರ ಮಗ ಆ ಒಂದೂವರೆ ತಿಂಗಳು ಸೀನುತ್ತಲೇ ಇರುತ್ತಾನೆ, ನನಗೂ ಗೊತ್ತು. “ಮೇಡಂ, ಅವನು ಸೀನಿದರೆ ಈ ವರ್ಷ ಮನೆಗೆ ಕಳಿಸಿಬಿಡ್ತೀರಾ?” ಎಂದು ಕೇಳಿದರು. ಅಲರ್ಜಿ ಎಂದು ವೈದ್ಯರಿಂದ ಪತ್ರ ತನ್ನಿ ಎಂದೆ. ವೈದ್ಯರಲ್ಲಿಗೆ ಹೋಗಲು ಸೆಪ್ಟೆಂಬರ್ 22ರವರೆಗೆ ಸಮಯ ಸಿಗುತ್ತಿಲ್ಲವಂತೆ. ಆ ಎರಡು ವಾರ ಏನು ಮಾಡುವುದೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಫೋನಿಟ್ಟ ಮೇಲೆ ಹುಡುಗನ ಕಡತ ತೆಗೆದು, ಕಳೆದ ಎರಡು ವರ್ಷ ಸೆಪ್ಟೆಂಬರಿನಲ್ಲಿ ಅವನು ನನ್ನ ಕೊಠಡಿಗೆ ಬಂದ ದಿನಗಳನ್ನು ಒಂದೊಂದಾಗಿ ಒಂದು ಹಾಳೆಯಲ್ಲಿ ಬರೆದು, ಬಾಗಿಲಿನ ಪಟ್ಟಿಯ ಹಿಂದೆ ಅಂಟಿಸಿಟ್ಟಿದ್ದೇನೆ.